ಅವ್ವನ ನಳಿಗೆ, ಅಪ್ಪನ ಹಾರ

ನಮ್ಮ ಅಪ್ಪನನ್ನು ಹೊಗಳುವ ಜನ ಧಾರವಾಡದಲ್ಲಿ ಇಂದಿಗೂ ಒಬ್ಬಿಬ್ಬರು ಸಿಗುತ್ತಾರೆ. ಮದುವೆಮನೆಯಲ್ಲೋ, ಯಾರದೋ ಮಣ್ಣಿಗೆ ಹೋದಾಗಲೋ ಎದುರಾಗಿ, ನಿಮ್ಮಪ್ಪನ ತಲೆ ಎಂಥ ತಲೆ, ಈಚಲ ಗಿಡಕ್ಕೆ ನಳಿಗೆ ಹಾಕಿ ಮನೆ ಬಾಗಿಲಿಗೆ ನೀರಾ ತಂದ ಮನುಷ್ಯ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ವಯಸ್ಸಾಗಿದೆ, ಇನ್ನು ಯಾರ ಮುಲಾಜು? ಅಲ್ಲೇ ನಿಲ್ಲಿಸಿ ಹೇಳುತ್ತೇನೆ: ಆ ತಲೆ ನಮ್ಮವ್ವನದು. ನಳಿಗೆ ತಂದವಳು ಅವಳು, ಹಾಕಿದವಳು ಅವಳು, ಅದಕ್ಕಾಗಿ ನಾಲ್ಕು ಜನರ ಮುಂದೆ ಅನ್ನಿಸಿಕೊಂಡವಳೂ ಅವಳೇ. ಅಪ್ಪನ ಪಾಲಿಗೆ ಬಂದದ್ದು ಚೆಂಡುಹೂವಿನ ಹಾರ. ಹೀಗೆಂದಾಗ ಎದುರಿನವರು ಕೆಮ್ಮಿ, ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಅತ್ತ ಹೊರಡುತ್ತಾರೆ. ಹೋಗಲಿ. ಇಲ್ಲಿ ಬರೆಯುವಾಗ ಎದ್ದು ಹೋಗುವವರು ಯಾರೂ ಇಲ್ಲ.

ಲಕಮನಹಳ್ಳಿಯ ಕಡೆ ಆಗಿನ್ನೂ ಕಾರಖಾನೆಗಳ ಸುಳಿವಿರಲಿಲ್ಲ. ಮನೆಗಳು ಮುಗಿದು ಹೊಲ ಶುರುವಾಗುವಲ್ಲಿ ನಮ್ಮವರ ಓಣಿ, ಓಣಿಯ ತುದಿಗೆ ನಮ್ಮ ಮನೆ. ಮುಂದೆ ಪಡಸಾಲೆ, ನಡುವೆ ಹಗಲೂ ದೀಪ ಬೇಡುವ ಒಂದು ಖೋಲಿ, ಹಿಂದೆ ಹೊಗೆ ಕುಡಿದು ಕಪ್ಪಾದ ಅಡುಗೆಮನೆ, ಅದರಾಚೆ ಹಿತ್ತಲು. ಹಿತ್ತಲಿನ ಹಿಂದೆ ನೆಲ ದಿಬ್ಬವಾಗಿ ಏರುತ್ತಿತ್ತು. ಆ ದಿಬ್ಬದ ಮೇಲೆ ಈಚಲ ಗಿಡಗಳ ಸಾಲು. ಮಲಗುವ ವ್ಯವಸ್ಥೆಯಲ್ಲೇ ಮನೆಯ ಕಾನೂನು ಗೊತ್ತಾಗುತ್ತಿತ್ತು. ಪಡಸಾಲೆಯಲ್ಲಿ ಗಾಳಿ ಬರುವ ಕಡೆ ಅಪ್ಪ, ಖೋಲಿಯಲ್ಲಿ ಆಯಿ ಮತ್ತು ನಾನು, ಒಲೆಯ ಪಕ್ಕದಲ್ಲಿ ಅವ್ವ. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಶಿಪಾಯಿ, ಅವ್ವ ದವಾಖಾನೆಯಲ್ಲಿ ಆಯಾ. ಅಪ್ಪ ಕೆಲಸದಿಂದ ಬಂದರೆ ಕಾಲು ತೊಳೆಯಲು ನೀರು ತಯಾರಿರುತ್ತಿತ್ತು. ಅವ್ವ ಕೆಲಸದಿಂದ ಬಂದರೆ ಒಲೆ ತಯಾರಿರುತ್ತಿತ್ತು, ಅದೂ ಹಚ್ಚದ ಒಲೆ.

ನಾನು ಸಾಲೆಗೆ ಹೋಗುವ ಮೊದಲೇ ನಮ್ಮ ಓಣಿಯ ಮನೆಗಳೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದವು. ಪಡಸಾಲೆಯ ಗೂಡಿನಲ್ಲಿ ಆಯಿಯ ಎಲ್ಲವ್ವ ಇದ್ದ ಜಾಗಕ್ಕೆ ಬುದ್ಧನ ಪಟ ಬಂತು. ಎಲ್ಲವ್ವನನ್ನು ಅರಿವೆಯಲ್ಲಿ ಕಟ್ಟಿ ಹಳ್ಳಕ್ಕೆ ಬಿಟ್ಟು ಬಂದ ದಿನ ಆಯಿ ಊಟ ಬಿಟ್ಟಿದ್ದಳಂತೆ. ಮಗನ ಮೇಲಿನ ಆ ಸಿಟ್ಟನ್ನು ಅವಳು ಕಡೆಗೂ ಬಿಡಲಿಲ್ಲ. ದಿನಾ ಸಂಜೆ ರೊಟ್ಟಿಗೆ ಕೂಡ್ರುವ ಮೊದಲು ಪಟದ ಮುಂದೆ ನಿಂತು ಐದು ಶೀಲ ಹೇಳಬೇಕಿತ್ತು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕೆಟ್ಟದ್ದಕ್ಕೆ ಹೋಗುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ. ಎಲ್ಲವೂ ಪಾಳಿ ಭಾಷೆಯ ಮಾತು. ಅಪ್ಪ ಮುಂದೆ ಹೇಳುವನು, ನಾವು ಹಿಂದೆ. ಐದನೆಯದು ಬಂದಾಗ ಅಪ್ಪನ ದನಿ ಏರುತ್ತಿತ್ತು. ಅವನ ತಂದೆ ಕಳ್ಳಭಟ್ಟಿ ಸಾರಾಯಿ ಕುಡಿದೇ ಸತ್ತವನು. ಹಾಗಾಗಿ ಅಪ್ಪ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ, ಕುಡಿದವರು ಎದುರು ಬಂದರೆ ಮೂಗು ಮುಚ್ಚಿ ಹಾದಿ ಬದಲಿಸುವವನು. ಇದರಲ್ಲಿ ಅವನನ್ನು ಮೆಚ್ಚಲೇಬೇಕು, ಮೆಚ್ಚುತ್ತೇನೆ. ಸಿಟ್ಟಿದೆಯೆಂದು ಖರೆ ಮುಚ್ಚಿಡುವುದಿಲ್ಲ.

ಆದರೆ ಪೇಟೆಯ ಜನರ ಬಾಯಿ ಬೇರೆಯೇ ಇತ್ತು. ಆಗ ದಾರೂಬಂದಿಯ ಕಾಲ. ಈಚಲ ಗಿಡ ಎಂದರೆ ಶಿಂದಿ ಎಂಬ ಹೆಂಡ, ಶಿಂದಿ ಎಂದರೆ ನಮ್ಮ ಓಣಿ ಎಂದು ಅವರಿಗೆ ಕಣ್ಣು ಮುಚ್ಚಿ ಗೊತ್ತು. ಶಿಂದಿ ಅಂಗಡಿಗಳು ಮುಚ್ಚಿ ಎಷ್ಟೋ ವರ್ಷವಾಗಿತ್ತು, ಶಿಂದಿ ಹೇಗಿರುತ್ತದೆಂದು ನಮ್ಮ ಅವ್ವ ಅಪ್ಪಂದಿರಿಗೇ ಗೊತ್ತಿರಲಿಲ್ಲ, ಆದರೂ ಸಾಲೆಯಲ್ಲಿ ನನ್ನ ಪಕ್ಕ ಕೂಡ್ರುವ ಹುಡುಗಿ ನನ್ನ ಲಂಗ ಮೂಸಿ ನೋಡಿ ನಕ್ಕಿದ್ದಳು. ಆ ಮೂಗನ್ನು ನಾನು ಇನ್ನೂ ಮರೆತಿಲ್ಲ. ಅಪ್ಪ ಇದಕ್ಕೇ ಹಟ ಹಿಡಿದ: ಇದೇ ಗಿಡದಿಂದ ಬೆಲ್ಲ ಮಾಡಿ ತೋರಿಸುತ್ತೇನೆ. ಕಚೇರಿಯಲ್ಲಿ ಅವರಿವರ ಕೈಕಾಲು ಹಿಡಿದು, ನೀರಾ ಇಳಿಸಿ ಬೆಲ್ಲ ಕಾಯಿಸಲು ಪರವಾನಗಿ ತಂದ. ಕಲಿಸಲು ಒಬ್ಬ ಮನುಷ್ಯ ಬಂದು ಒಂದು ವಾರ ನಮ್ಮ ಪಡಸಾಲೆಯಲ್ಲೇ ಉಳಿದ. ಗಿಡದ ತಲೆಯ ಒಂದು ಪಕ್ಕದ ಗರಿ ಸವರಿ, ಬೆಳ್ಳಗಿನ ತಿರುಳು ಕಾಣುವ ತನಕ ತೆಳ್ಳಗೆ ಕೆತ್ತಿ, ಅಲ್ಲಿ ಬಿದಿರಿನ ತುಂಡು ನೆಟ್ಟು ಕೆಳಗೆ ಗಡಿಗೆ ಕಟ್ಟಬೇಕು. ಗಡಿಗೆಯ ಒಳಗೆ ಸುಣ್ಣ ಬಳಿದಿರಬೇಕು, ಇಲ್ಲದಿದ್ದರೆ ರಸ ಕೆಡುತ್ತದೆ. ರಾತ್ರಿ ತೊಟ್ಟಿಕ್ಕಿದ್ದನ್ನು ಬಿಸಿಲು ಏರುವ ಮೊದಲು ಇಳಿಸಿ ಒಲೆಗೆ ಇಡಬೇಕು.

ಕೆತ್ತುವ ಕೆಲಸ ಅಪ್ಪನದು, ಅದೂ ಎರಡು ಮೂರು ದಿನಕ್ಕೊಮ್ಮೆ, ಸಂಜೆ, ಓಣಿಯವರು ನೋಡುತ್ತಿರುವಾಗ. ದಿನಾ ನಸುಕಿನಲ್ಲಿ ನಿಚ್ಚಣಿಕೆ ಹೊತ್ತು ದಿಬ್ಬ ಹತ್ತಿ, ಗಿಡದಿಂದ ಗಿಡಕ್ಕೆ ಅದನ್ನು ಸರಿಸಿ, ತುಂಬಿದ ಗಡಿಗೆ ಇಳಿಸುವ ಕೆಲಸ ಅವ್ವನದು. ಈಚಲ ಮುಳ್ಳು ಸಾಮಾನ್ಯವೇ? ಅವಳ ತೋಳ ತುಂಬ ಗೀರು. ಗಡಿಗೆಯಲ್ಲಿ ಅಳಿಲು ಬಾಯಿ ಹಾಕಿರುತ್ತಿತ್ತು, ಇರುವೆ ತೇಲುತ್ತಿರುತ್ತಿದ್ದವು, ಕೆಲವು ದಿನ ಯಾರೋ ಕಲ್ಲೆಸೆದು ಗಡಿಗೆಯನ್ನೇ ಒಡೆದಿರುತ್ತಿದ್ದರು. ಅದನ್ನು ಸೋಸಿ, ಕಡಾಯಿಗೆ ಹಾಕಿ, ಕೈ ಬಿಡದೆ ತಿರುವಿ ಬೆಲ್ಲ ಎರೆದು, ರೊಟ್ಟಿ ಬಡಿದು, ಅವಳು ದವಾಖಾನೆಗೆ ಓಡಬೇಕು. ಅದರ ಮೇಲೆ, ಹೆಣ್ಣುಮಗಳು ಗಿಡ ಹತ್ತುತ್ತಾಳೆಂದು ಆಯಿ ಮೂಗು ಮುರಿಯುತ್ತಿದ್ದಳು. ಬೆಲ್ಲ ಮಾತ್ರ ಆಹಾ, ಕಂದು ಬಣ್ಣದ್ದು, ಸುಟ್ಟ ವಾಸನೆಯದು. ಬಿಸಿ ರೊಟ್ಟಿಗೆ ತುಪ್ಪದ ಜೊತೆ ಹಚ್ಚಿಕೊಂಡರೆ ಬೇರೆ ಪಲ್ಯವೇ ಬೇಡ. ಸಪ್ತಾಪುರದ ಇಬ್ಬರು ಮಾಸ್ತರರ ಮನೆಗಳಿಗೆ ಅವ್ವ ಆ ಬೆಲ್ಲ ಒಯ್ದು ಕೊಡತೊಡಗಿದಳು.

ನಳಿಗೆಯ ವಿಚಾರ ಅವಳಿಗೆ ಹೊಳೆದದ್ದು ದವಾಖಾನೆಯಲ್ಲಿ. ಕಬ್ಬಿಣದ ಕೋಲಿಗೆ ತೂಗುಹಾಕಿದ ಬಾಟಲಿಯಿಂದ ರೋಗಿಯ ಕೈಗೆ ರಬ್ಬರಿನ ನಳಿಗೆಯಲ್ಲಿ ಹನಿಹನಿ ಇಳಿಯುವುದನ್ನು ದಿನಾ ನೋಡುತ್ತಿದ್ದವಳು, ಒಂದು ಸಂಜೆ ಭಾಂಡೆ ತಿಕ್ಕುತ್ತ ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು:

"ಗಡಿಗಿ ಇಳಸಾಕ ನಾ ಮ್ಯಾಲೆ ಯಾಕ ಹೋಗ್ಬೇಕು? ರಸಾನ ಕೆಳಗ ಬರ್ಲಿ."

ಅಪ್ಪ ನಕ್ಕ. ದವಾಖಾನೆಯಲ್ಲಿ ದುಡಿದು ದಾಕ್ತರಬಾಯಿ ಆಗಿದ್ದಾಳೆಂದು ಆಯಿಗೆ ಹೇಳಿ ಇನ್ನೊಮ್ಮೆ ನಕ್ಕ. ಅವ್ವ ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಹಳೆಯದಾಗಿ ಎಸೆಯಲು ತೆಗೆದಿಟ್ಟ ಕೆಂಪು ನಳಿಗೆಗಳನ್ನು ನರ್ಸಬಾಯಿಯನ್ನು ಕೇಳಿ ತಂದಳು. ಸೋಡಾ ಹಾಕಿ ಕುದಿಸಿದಳು. ಮನೆ ತುಂಬ ಬೆಂದ ರಬ್ಬರಿನ ನಾತ, ಆಯಿಯ ಬೈಗುಳ. ಬಿದಿರಿನ ಸಣ್ಣ ತುಂಡುಗಳನ್ನು ಕೊರೆದು, ಅವುಗಳಿಗೆ ಎರಡೂ ಕಡೆ ನಳಿಗೆ ಸಿಗಿಸಿ, ಸಂದಿಗೆ ಮೇಣ ಮೆತ್ತಿದಳು. ಒಂದೊಂದು ಗಿಡದಿಂದ ಒಂದೊಂದು ಎಳೆ ಇಳಿದು, ದಿಬ್ಬದ ಕೆಳಗಿನ ಉದ್ದನೆಯ ನಳಿಗೆಗೆ ಕೂಡಿ, ಅದು ನಮ್ಮ ಹಿತ್ತಲಿನ ಗಡಿಗೆಗೆ ಬಂದು ಮುಟ್ಟಬೇಕು. ಮೊದಲ ದಿನ ಒಂದು ಹನಿ ಬರಲಿಲ್ಲ. ಜೋತುಬಿದ್ದ ಕಡೆಯೆಲ್ಲ ರಸ ನಿಂತುಬಿಟ್ಟಿತ್ತು. ಅವ್ವ ಕವಲು ಕಟ್ಟಿಗೆ ಕಡಿದು ತಂದು, ಎಲ್ಲಿಯೂ ತಗ್ಗಾಗದಂತೆ, ಮೇಲಿನಿಂದ ಕೆಳಗಿನ ತನಕ ಒಂದೇ ಇಳಿಜಾರು ಬರುವಂತೆ ಆಸರೆ ಕೊಟ್ಟಳು. ಅಳಿಲು ಕಡಿದಲ್ಲಿ ತುಂಡು ಮಾಡಿ ಮತ್ತೆ ಜೋಡಿಸಿದಳು. ನಾನು ಕಟ್ಟಿಗೆ ಹಿಡಿದು ನಿಲ್ಲುತ್ತಿದ್ದೆ, ಅವಳು ಕಣ್ಣು ಕಿರಿದು ಮಾಡಿ ಇಳಿಜಾರು ಸರಿಯಿದೆಯೇ ನೋಡುತ್ತಿದ್ದಳು. ಒಂದು ಮುಂಜಾನೆ ಎದ್ದು ನೋಡಿದರೆ ಹಿತ್ತಲಿನ ಗಡಿಗೆ ಕಂಠದ ತನಕ ತುಂಬಿತ್ತು. ಅವ್ವ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬೊಗಸೆಯಲ್ಲಿ ನನಗೆ ಕುಡಿಸಿ, ನನ್ನ ತಲೆಯ ಮೇಲೆ ತನ್ನ ಒದ್ದೆ ಕೈ ಒರೆಸಿದಳು. ಅಷ್ಟು ಖುಷಿಯಾಗಿದ್ದ ಅವ್ವನನ್ನು ನಾನು ಬಹಳ ಸಲ ನೋಡಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದು ಅಪ್ಪನ ನಳಿಗೆಯಾಗಿತ್ತು. ನೋಡಲು ಬಂದವರನ್ನೆಲ್ಲ ಅವನೇ ದಿಬ್ಬಕ್ಕೆ ಕರೆದೊಯ್ದು, ಇಲ್ಲಿ ಹೀಗೆ ಮಾಡೇವಿ, ಅಲ್ಲಿ ಹಾಗೆ ಮಾಡೇವಿ ಎಂದು ಬೆರಳು ಮಾಡಿ ತೋರಿಸಿದ. ಆ "ಮಾಡೇವಿ"ಯಲ್ಲಿ ಅವ್ವ ಇದ್ದಳೋ ಇಲ್ಲವೋ, ಯಾರು ಕೇಳಬೇಕು? ವಾರ ಕಳೆಯುವುದರಲ್ಲಿ ಅದು "ಮಾಡೇನಿ" ಆಯಿತು. ನಮ್ಮ ಓಣಿಯ ಬೌದ್ಧ ಸಂಘದ ಹಿರಿಯರು ಒಬ್ಬ ನಿವೃತ್ತ ಸಾಲೆ ಮಾಸ್ತರರು. ಓಣಿಗೆಲ್ಲ ಶೀಲ ಹೇಳಿಕೊಡುವವರು ಅವರೇ. ಅವರು ಸಭೆ ಕರೆದು, ಯಾವ ಗಿಡ ತೋರಿಸಿ ಜನ ನಮ್ಮನ್ನು ಆಡಿಕೊಂಡರೋ ಅದರಿಂದಲೇ ಸಿಹಿ ತೆಗೆದ ಬಂಧು ಎಂದು ಅಪ್ಪನ ಕೊರಳಿಗೆ ಹಾರ ಹಾಕಿದರು. ಚಪ್ಪಾಳೆಯ ನಡುವೆ ನಾನು ಎದ್ದು ನಿಂತು, ಅದನ್ನು ಮಾಡಿದ್ದು ಅವ್ವ ಎಂದೆ. ಹಿರಿಯರೆಲ್ಲ ನಕ್ಕರು, ಹುಡುಗಿ ಚುರುಕು ಎಂದರು. ಅಪ್ಪ ನನ್ನನ್ನು ಕಣ್ಣಿನಿಂದಲೇ ಕೂಡ್ರಿಸಿದ. ಮನೆಗೆ ಬಂದು ಆ ಹಾರವನ್ನು ಅವನು ಗೂಟಕ್ಕೆ ಹಾಕಿದ, ಒಣಗಿ ಉದುರಿದ ಹೂವನ್ನು ಅವ್ವ ಕಸಬರಿಗೆಯಲ್ಲಿ ಬಳಿದಳು. ನೀ ಯಾಕೆ ಸುಮ್ಮನಿದ್ದಿ ಎಂದು ನಾನು ಅತ್ತು ಕೇಳಿದರೆ, ಬೆಲ್ಲ ಬರುತ್ತಿದೆಯಲ್ಲ, ಬರಲಿ ಬಿಡು ಎಂದಳು. ಆ "ಬಿಡು" ಎಂಬ ಮಾತಿನ ಮೇಲೆ ನನಗೆ ಅಂದಿನಿಂದಲೂ ದ್ವೇಷ.

ಚಳಿ ಮುರಿದು ಹಗಲು ಬೆಚ್ಚಗಾಗತೊಡಗಿತು. ಬೆಲ್ಲ ಕೈ ಕೊಟ್ಟಿತು. ಎಷ್ಟು ತಿರುವಿದರೂ ಪಾಕ ಬರದು. ಅಂಟಂಟಾಗಿ, ಕಪ್ಪಾಗಿ ಉಳಿಯುವುದು. ಗಡಿಗೆಯ ಮೇಲೆ ಬುರುಗು, ರುಚಿಯಲ್ಲಿ ಏನೋ ಚುರುಕು. ಅವ್ವ ಯೋಚಿಸಿ ಯೋಚಿಸಿ ಕಾರಣ ಹಿಡಿದಳು. ಹಗಲೆಲ್ಲ ಬಿಸಿಲಿಗೆ ಕಾಯುವ ನಳಿಗೆಯ ಒಳಗೆ ಹಿಂದಿನ ದಿನದ ರಸ ಒಂದಿಷ್ಟು ಉಳಿದು ಹುಳಿಯಾಗುತ್ತಿದೆ, ಹೊಸದೂ ಅದನ್ನು ಹಾದು ಬಂದು ಕೆಡುತ್ತಿದೆ.

"ಗಡಿಗ್ಯಾಗ ಸುಣ್ಣಾ ಹಚ್ಚೇವಿ ಖರೇ, ನಳಿಗ್ಯಾಗ ಯಾರ ಹಚ್ಚ್ಯಾರ? ದಿನಾ ಬಿಚ್ಚಿ ಸುಣ್ಣದ ನೀರಾಗ ತೊಳೀಬೇಕ್ರಿ. ನೀವೊಂದೀಟು ಕೈ ಹಚ್ಚಿದ್ರ ಆಗತೈತಿ."

"ಹುಣ್ಣಿವಿ ದಿನ ಸಂಘದ ಮಂದಿ ನೋಡಾಕ ಬರ್ತಾರ. ಬಿಚ್ಚಿ ಹರವಿಟ್ರ ಅವರು ಏನ್ ನೋಡಬೇಕು? ನಿನ್ನ ಮಾರಿನ?"

ಹೀಗಂದವನು ನನ್ನ ಅಪ್ಪ. ಬುರುಗು ಬಂದರೆ ತಾಜಾ ಎಂದು ಅರ್ಥ, ಹಾಲು ಕರೆದಾಗ ನೊರೆ ಬರುವುದಿಲ್ಲವೇ ಎಂದೂ ಸೇರಿಸಿದ. ಅವ್ವ ಎರಡು ದಿನ ಬಿಟ್ಟು ಮತ್ತೆ ಕೇಳಿದಳು, ಮತ್ತೆ ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ಅವನು ಊಟದ ತಾಟು ಸರಿಸಿ ಎದ್ದ. ನಮ್ಮ ಮನೆಯಲ್ಲಿ ತಾಟು ಸರಿಸಿದರೆ ಮಾತು ಮುಗಿಯಿತು. ಆಯಿ ಮಾತ್ರ ಆ ದಿನಗಳಲ್ಲಿ ಮುಂಜಾನೆ ಮುಂಜಾನೆ ಹಿತ್ತಲಿಗೆ ಹೋಗಿ, ಗಡಿಗೆಯಿಂದ ಒಂದು ಚರಿಗೆ ತುಂಬಿಕೊಂಡು ಕುಡಿದು, ಬಿಸಿಲು ಕಾಯಿಸಿಕೊಳ್ಳುತ್ತ ಕೂಡ್ರುತ್ತಿದ್ದಳು. ಮಂಡಿನೋವು ಕಡಿಮೆಯಾಗಿದೆ ಎನ್ನುತ್ತಿದ್ದಳು. ಸೊಸೆಯನ್ನು ಬೈಯುವುದೂ ಕಡಿಮೆಯಾಗಿತ್ತು. ಯಾರಿಗೂ ಅನುಮಾನ ಬರಲಿಲ್ಲ.

ಮಾಘದ ಹುಣ್ಣಿಮೆ ಬಂತು. ಬೆಳಗಿನ ಪ್ರಾರ್ಥನೆ ನಮ್ಮ ಅಂಗಳದಲ್ಲೇ ಎಂದು ನಿಶ್ಚಯವಾಗಿ, ಗೂಡಿನ ಪಟವನ್ನು ಹೊರಗೆ ತಂದಿಟ್ಟಿದ್ದೆವು. ಓಣಿಯವರೆಲ್ಲ ಬಿಳಿ ಬಟ್ಟೆ ಉಟ್ಟು, ಪ್ರಾರ್ಥನೆ ಮುಗಿಯುವ ತನಕ ಬಾಯಿಗೆ ಏನೂ ಹಾಕಬಾರದೆಂದು ಖಾಲಿ ಹೊಟ್ಟೆಯಲ್ಲಿ ಬಂದು ಚಾಪೆಯ ಮೇಲೆ ಕೂತರು. ಮಾಸ್ತರರು ಶೀಲ ಹೇಳಿದರು, ಎಲ್ಲರೂ ಹೇಳಿದೆವು. ಐದನೆಯದನ್ನು ಅಪ್ಪ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದ. ಆಮೇಲೆ ದಿಬ್ಬ ತೋರಿಸಿದ್ದಾಯಿತು. ಆಮೇಲೆ ನೀರಾ. ಹುಳಿ ಬಹಳ ಇದೆ, ಕೊಡುವುದು ಬೇಡ ಎಂದು ಅವ್ವ ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟಿದರೆ, ಅಪ್ಪ ತಾನೇ ಹಳೆಯ ಬೆಲ್ಲ ಕುಟ್ಟಿ ಹಾಕಿ, ಯಾಲಕ್ಕಿ ಪುಡಿ ಉದುರಿಸಿ, ಸೌಟಿನಿಂದ ಗರಗರ ತಿರುವಿ, ಹಂಚು ಎಂದ. ಅವ್ವ ಹಂಚಿದಳು. ಗಂಡಸರಿಗೆ, ಮುದುಕರಿಗೆ, ಹುಡುಗರಿಗೆ, ಹೆಂಗಸರಿಗೆ. ಬಹಳ ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ. ಎಲ್ಲರೂ ಮತ್ತೊಂದು ವಾಟಗ ಕೇಳಿದರು, ಕೆಲವರು ಅದರ ಮೇಲೆ ಮತ್ತೊಂದು. ಕುಡಿತದ ವಾಸನೆಯನ್ನೇ ಮನೆಯೊಳಗೆ ಬಿಟ್ಟುಕೊಳ್ಳದ ಜನ ನಾವು. ಅದು ಬಂದು ಅಂಗಳದಲ್ಲಿ ಕೂತರೆ ಗುರುತು ಹಿಡಿಯುವವರು ಯಾರು?

ಮೊದಲು ನಗು ಶುರುವಾಯಿತು. ಎಂದೂ ನಗದ ನಮ್ಮ ಪಕ್ಕದ ಮನೆಯ ಕಾಕಾ ಸುಮ್ಮಸುಮ್ಮನೆ ನಗತೊಡಗಿದರು. ಹುಡುಗರು ಚಾಪೆಯ ಮೇಲೆ ಉರುಳಿ ನಿದ್ದೆ ಹೋದರು. ನನಗೆ ಕಿವಿ ಬೆಚ್ಚಗಾಗಿ, ಈಚಲ ಸಾಲು ತೂಗಿದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಆಯಿ ಪಟದ ಮುಂದೆಯೇ ಕಾಲು ಚಾಚಿ ಕೂತು, ಎಲ್ಲವ್ವನ ಪದ ಎತ್ತಿಬಿಟ್ಟಳು. ಅಪ್ಪ ಓಡಿ ಹೋಗಿ ಬಾಯಿ ಮುಚ್ಚಲು ನೋಡಿದರೆ ಅವನ ಕೈ ತಳ್ಳಿ, ತಣ್ಣಗೆ ಹೇಳಿದಳು:

"ಯಾಕ ಗಾಬರಿ ಆಗ್ತಿ? ಛಲೋ ಶಿಂದಿ ಐತಿ. ನಿಮ್ಮಪ್ಪನೂ ಇಂಥಾದ್ದ ಕುಡದಿದ್ರ ಇನ್ನೂ ಇರ್ತಿದ್ದ."

ಮಾಸ್ತರರು ಕೈಯಲ್ಲಿದ್ದ ವಾಟಗವನ್ನು ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟರು. ಯಾರೋ ಹೆಂಗಸು ಅಳತೊಡಗಿದಳು. ಈಗಷ್ಟೇ ಶೀಲ ಹೇಳಿದ ಬಾಯಿ, ಈಗಷ್ಟೇ ಕುಡಿದ ಬಾಯಿ, ಪೇಟೆಯವರಿಗೆ ಗೊತ್ತಾದರೆ ಏನು ಗತಿ ಎಂದು ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಎಲ್ಲರ ಕಣ್ಣು ಅಪ್ಪನ ಮೇಲೆ. ಅವನು ಅಡುಗೆಮನೆಯ ಬಾಗಿಲ ಕಡೆ ಕೈ ಮಾಡಿದ.

"ಇದೆಲ್ಲಾ ಇಕಿದ ತಲಿರಿ ಮಾಸ್ತರ. ನಳಿಗಿ ತಂದಾಕಿ ಇಕಿ, ಕೂಡಿಸಿದಾಕಿ ಇಕಿ. ನನಗೇನೂ ಗೊತ್ತಿಲ್ಲ."

ನೋಡಿ, ಎಂಥ ಮನುಷ್ಯ! ಹಾರ ಹಾಕಿಸಿಕೊಳ್ಳುವಾಗ ನೆನಪಾಗದ ಹೆಂಡತಿ ಆಗ ನೆನಪಾದಳು. ಆ ನಳಿಗೆ ಅವ್ವನದೆಂದು ಅವನು ಒಪ್ಪಿಕೊಂಡದ್ದು ಅದೇ ಮೊದಲು. ಹಿರಿಯರು ಗುಸುಗುಸು ಮಾತಾಡಿಕೊಂಡರು. ತೀರ್ಮಾನ ಬಹಳ ಬೇಗ ಆಯಿತು. ಹೆಂಗಸಿನ ವಿಷಯಕ್ಕೆ ಹೊತ್ತು ಯಾಕೆ ಹಿಡಿಯಬೇಕು? ಮಾಸ್ತರರು ಒಳ್ಳೆಯವರೇ, ಮೆತ್ತಗೆ ಹೇಳಿದರು.

"ತಂಗಿ, ತಪ್ಪು ಆಗೈತಿ. ಎದ್ದ ನಿಂತು ಎಲ್ಲಾರ ಮುಂದ ಐದನೇ ಶೀಲಾ ಮತ್ತೊಮ್ಮೆ ತೊಗೋರಿ. ನೀವು ತೊಗೊಂಡ್ರ ಇಲ್ಲಿಗೇ ಮುಗೀತು."

ಅವ್ವ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅವಳು ಸೆರಗು ಹೊದ್ದು, ತಲೆ ಬಗ್ಗಿಸಿ, ಅಂದದ್ದನ್ನು ಅಂದು ಒಳಗೆ ಹೋಗುತ್ತಾಳೆ ಎಂದೇ ನಾನು ತಿಳಿದಿದ್ದೆ. "ಬಿಡು" ಎನ್ನುವವಳಲ್ಲವೇ ಅವಳು? ಅವಳು ಸೌಟನ್ನು ಖಾಲಿ ಗಡಿಗೆಯ ಮೇಲೆ ಇಟ್ಟು, ಅಂಗಳದ ನಡುವೆ ಬಂದಳು. ತಲೆ ಬಗ್ಗಿಸಿರಲಿಲ್ಲ.

"ನಳಿಗಿ ನಂದು ಅಂತ ಇವತ್ತರೆ ಇವರ ಬಾಯಿಂದ ಬಂತು. ಹೌದ್ರಿ, ನಂದ. ಹುಳಿ ಬಂದೈತಿ, ಬಿಚ್ಚಿ ತೊಳಿಯೂಣು ಅಂದಾಕೀನೂ ನಾನ, ಅದನ್ನ ಇವರು ಹೇಳಲಿಲ್ಲ. ಇರ್ಲಿ. ಶೀಲಾ ಮುರಿಯೂದು ಕುಡದವರದು ಅಲ್ಲೇನ್ರಿ ಮಾಸ್ತರ? ನಾ ಕುಡದಿಲ್ಲ. ನಿಮಗೆಲ್ಲಾ ಹಾಕಿ ನನ್ನ ಪಾಳಿ ಬರೂದ್ರಾಗ ಗಡಿಗಿ ಖಾಲಿ ಆತು. ಈ ಅಂಗಳದಾಗ ಶೀಲಾ ಉಳದದ್ದು ನನಗೊಬ್ಬಾಕಿಗೆ. ಎಲ್ಲಾರೂ ಏಳ್ರಿ. ನಾ ಹೇಳತೇನಿ, ನೀವು ಅನ್ರಿ."

ನಾನು ಎದ್ದೆ. ಕಾಲು ತಡವರಿಸಿತು, ಆದರೂ ಎದ್ದು ನಿಂತೆ, ಕುಡಿದವಳೇ ಅಲ್ಲವೇ ನಾನೂ. ಅಳುತ್ತಿದ್ದ ಹೆಂಗಸು ಎದ್ದಳು, ಅವಳ ಪಕ್ಕದವಳು ಎದ್ದಳು, ಹೆಂಗಸರೆಲ್ಲ ಎದ್ದರು. ಕಾಕಾ ನಗುವುದನ್ನು ನಿಲ್ಲಿಸಿ ಎದ್ದರು. ಕಡೆಗೆ ಮಾಸ್ತರರು ಮೊಣಕಾಲಿಗೆ ಕೈ ಊರಿ ಎದ್ದು, ಕೈ ಮುಗಿದರು. ಅವರು ಎದ್ದ ಮೇಲೆ ಉಳಿದ ಗಂಡಸರು ಏಳದೆ ಏನು ಮಾಡಿಯಾರು? ಅವ್ವನಿಗೆ ಪಾಳಿ ಮಾತು ಬಾಯಿಗೆ ನೆಟ್ಟಗೆ ಬರುತ್ತಿರಲಿಲ್ಲ. ಅವಳು ನಮ್ಮ ಮಾತಿನಲ್ಲೇ ಹೇಳಿದಳು:

"ನಿಶೆ ಏರೂವಂಥಾದ್ದ ಯಾವುದೂ ನಾ ಕುಡಿಯೂದಿಲ್ಲ."

ಅಂಗಳವೆಲ್ಲ ಅದನ್ನೇ ಅಂದಿತು. ಇಷ್ಟು ವರ್ಷ ಹೇಳಿದ ಶೀಲ ಏನೆಂದು ನಮ್ಮ ಓಣಿಯ ಎಷ್ಟೋ ಜನಕ್ಕೆ ತಿಳಿದದ್ದು ಆ ದಿನವೇ ಇರಬೇಕು. ಅಪ್ಪ ಎದ್ದು ನಿಂತಿದ್ದ, ತುಟಿ ಮಾತ್ರ ಬಿಚ್ಚಿರಲಿಲ್ಲ. ಅವ್ವ ಅವನ ಎದುರಿಗೆ ಹೋಗಿ ನಿಂತು, ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಅವನು ಏನೋ ಗೊಣಗಿದ.

"ಕೇಳ್ಸಲಿಲ್ರಿ," ಅಂದಳು ಅವ್ವ.

ಅಪ್ಪ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ. ಅವ್ವ ತಲೆ ಅಲ್ಲಾಡಿಸಿ ಒಪ್ಪಿಕೊಂಡಳು, ನಮ್ಮ ಸಾಲೆಯ ಮಾಸ್ತರರು ಪಾಠ ಒಪ್ಪಿಕೊಳ್ಳುತ್ತಿದ್ದ ಹಾಗೆ.

"ಹಾಂ. ನಾಳಿ ನಸಿಕಲೆ ನನ್ನ ನಳಿಗಿ ಬಿಚ್ಚಿ ತೊಳಿಯೂದೈತಿ. ನೀವೂ ಬರ್ರಿ."

ಅಪ್ಪ ಹೂಂ ಎಂದ.